ಒಂದು ಪ್ರಾಕ್ಟಿಕಲ್ ಬದಲಾಯಿಸಲು ಎಷ್ಟು ಸಭೆ ಬೇಕು? ನಮ್ಮ ಕಾಲೇಜು ಸ್ವಾಯತ್ತವಾದ ಕಥೆ

ಡಿಗ್ರಿ ಕಾಲೇಜಿನ ಯಾವುದಾದರೂ ಮೇಷ್ಟ್ರನ್ನು ಕೇಳಿ ನೋಡಿ, ನಿಮ್ಮ ಸಿಲಬಸ್ ಯಾರು ಮಾಡುತ್ತಾರೆ ಅಂತ. "ಯೂನಿವರ್ಸಿಟಿ" ಅನ್ನುತ್ತಾರೆ. ಯೂನಿವರ್ಸಿಟಿ ಅಂದರೆ ಯಾರು, ಯಾವ ಸಭೆಯಲ್ಲಿ, ಯಾರ ಸಹಿಯಿಂದ ಅಂತ ಮತ್ತೆ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಮ್ಮದು ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಕಾಲೇಜು. ನಾನು ಅಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಕಾಲೇಜಿಗೆ ಸ್ವಾಯತ್ತ ಸ್ಥಾನ, ಅಂದರೆ ಸಿಲಬಸ್, ಪರೀಕ್ಷೆ ನಾವೇ ಮಾಡಿಕೊಳ್ಳುವ ಅಧಿಕಾರ, ಪಡೆಯಬೇಕು ಅಂತ ತೀರ್ಮಾನವಾದಾಗ ಅದರ ಸಂಚಾಲಕನ ಕೆಲಸ ನನ್ನ ತಲೆಗೆ ಬಂತು. ಈಗ ಬೇರೆ ಕಾಲೇಜಿನವರು ಫೋನ್ ಮಾಡಿ ಅದನ್ನೇ ಕೇಳುತ್ತಿರುತ್ತಾರೆ. ಪ್ರತಿ ಸಲ ಮೊದಲಿನಿಂದ ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ಒಳ್ಳೆಯದು ಅಲ್ವಾ, ಅದಕ್ಕೆ ಇದು.

ಮೊದಲು ಹಳೆಯ ವ್ಯವಸ್ಥೆ ಹೇಗಿತ್ತು ಹೇಳುತ್ತೇನೆ. ಅನುದಾನಿತ ಕಾಲೇಜಿಗೆ ಯಜಮಾನರು ಜಾಸ್ತಿ. ಜಾಗ, ಕಟ್ಟಡ, ಹೆಸರು ಎಲ್ಲಾ ಮ್ಯಾನೇಜ್‌ಮೆಂಟಿನದು. ಅನುದಾನಕ್ಕೆ ಒಳಪಟ್ಟ ಹುದ್ದೆಗಳ ಸಂಬಳ ಸರ್ಕಾರದ್ದು, ಅದಕ್ಕೆ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿ. ಸಿಲಬಸ್, ಪರೀಕ್ಷೆ, ಪದವಿ ಇವು ವಿಶ್ವವಿದ್ಯಾಲಯದ್ದು. ಇವೆಲ್ಲದರ ಮೇಲೆ ನಿಯಮ ಬರೆಯುವುದು ದೆಹಲಿಯ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ. ಪ್ರಿನ್ಸಿಪಾಲರು ಈ ನಾಲ್ಕು ಕಡೆಗೂ ಉತ್ತರ ಕೊಡಬೇಕು. ಎಲ್ಲರಿಗೂ ಒಂದೇ ಮಾಹಿತಿ ಬೇಕು, ಆದರೆ ಪ್ರತಿಯೊಬ್ಬರದೂ ಬೇರೆ ಬೇರೆ ನಮೂನೆ. ನಮ್ಮ ಆಫೀಸಿನ ಸೂಪರಿಂಟೆಂಡೆಂಟ್ ವರ್ಷದ ಅರ್ಧ ಭಾಗ ಅದನ್ನೇ ಟೈಪ್ ಮಾಡಿಸುತ್ತಿದ್ದರು. ಇದರ ಜೊತೆಗೆ ಸಂಯೋಜನೆ (ವಿಶ್ವವಿದ್ಯಾಲಯದ ಜೊತೆಗಿನ ಅಫಿಲಿಯೇಷನ್) ನವೀಕರಣ ಅಂತ ವಿಶ್ವವಿದ್ಯಾಲಯದಿಂದ ಸ್ಥಳೀಯ ವಿಚಾರಣಾ ಸಮಿತಿ ಬರುತ್ತದೆ, ಅದೇ ಎಲ್‌ಐಸಿ. ಲೈಬ್ರರಿ ನೋಡುತ್ತಾರೆ, ಲ್ಯಾಬ್ ನೋಡುತ್ತಾರೆ, ಅಧ್ಯಾಪಕರ ಪಟ್ಟಿ ನೋಡುತ್ತಾರೆ, ವರದಿ ಬರೆದುಕೊಂಡು ಹೋಗುತ್ತಾರೆ.

ವಿಶ್ವವಿದ್ಯಾಲಯದ ಒಳಗೆ ನಡೆಯುವುದೆಲ್ಲ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ. ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಕುಲಾಧಿಪತಿ ಸ್ವತಃ ನಾಲ್ವಡಿ ಕೃಷ್ಣರಾಜ ಒಡೆಯರು, ಆ ಜಾಗಕ್ಕೆ ಈಗ ರಾಜಭವನ ಬಂದಿದೆ ಅಷ್ಟೇ. ದಿನನಿತ್ಯದ ಯಜಮಾನ ಅಂದರೆ ಕುಲಪತಿ, ಅವರ ಅವಧಿ 4 ವರ್ಷ. ಅವರ ಕೆಳಗೆ ಇಬ್ಬರು ಕುಲಸಚಿವರು, ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಮೌಲ್ಯಮಾಪನಕ್ಕೆ. ಲೆಕ್ಕಪತ್ರಕ್ಕೆ ಹಣಕಾಸು ಅಧಿಕಾರಿ. ಇವರು ವ್ಯಕ್ತಿಗಳು. ಇವರ ಜೊತೆಗೆ ಸಭೆಗಳು: ಆಡಳಿತದ ತೀರ್ಮಾನಕ್ಕೆ ಸಿಂಡಿಕೇಟ್, ಓದಿಗೆ ಸಂಬಂಧಿಸಿದ್ದಕ್ಕೆ ಅಕಾಡೆಮಿಕ್ ಕೌನ್ಸಿಲ್, ಪ್ರತಿ ವಿಷಯಕ್ಕೂ ಒಂದು ಅಧ್ಯಯನ ಮಂಡಳಿ, ಅದನ್ನೇ ನಾವು ಬಿಓಎಸ್ ಅನ್ನುವುದು. ಸಿಂಡಿಕೇಟಿಗೆ ಸರ್ಕಾರವೂ ಸದಸ್ಯರನ್ನು ನಾಮನಿರ್ದೇಶನ ಮಾಡುತ್ತದೆ. ಹಾಗಾಗಿ ಸರ್ಕಾರ ಬದಲಾದರೆ ಅಲ್ಲಿನ ಮುಖಗಳೂ ಬದಲಾಗುವುದುಂಟು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನನ್ನ ತಕರಾರು ಒಂದು ಸಣ್ಣ ಪ್ರಾಕ್ಟಿಕಲ್ ಬಗ್ಗೆ ಇತ್ತು. ಬಿಎಸ್ಸಿ ಲ್ಯಾಬಿನಲ್ಲಿ ಸಾಲ್ಟ್ ಅನಾಲಿಸಿಸ್ ಅಂತ ಮಾಡಿಸುತ್ತೇವೆ. ಒಂದು ಮಿಶ್ರಣ ಕೊಟ್ಟು ಅದರಲ್ಲಿ ಯಾವ ಯಾವ ಅಯಾನುಗಳಿವೆ ಅಂತ ಟೆಸ್ಟ್ ಟ್ಯೂಬಿನಲ್ಲಿ ಹುಡುಕುವುದು. ಒಳ್ಳೆಯ ಅಭ್ಯಾಸವೇ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೇ ಅಷ್ಟೊಂದು ವಾರ ಕೊಟ್ಟು, ಉಪಕರಣದಲ್ಲಿ ಅಳೆಯುವ ಪ್ರಯೋಗಕ್ಕೆ ಜಾಗವೇ ಇಲ್ಲದ ಹಾಗೆ ಮಾಡಿದ್ದರು. ಇದನ್ನು ಬದಲಾಯಿಸಿ ಅಂತ ವಿಶ್ವವಿದ್ಯಾಲಯದ ಬಿಓಎಸ್ ಅಧ್ಯಕ್ಷರಿಗೆ ಪತ್ರ ಬರೆದೆ. ಅವರು ಒಳ್ಳೆಯವರು, ಫೋನ್ ಮಾಡಿದರು. "ನೀವು ಹೇಳೋದು ಸರಿ, ಆದರೆ ನಮ್ಮ ಕೈಕೆಳಗೆ ಇಷ್ಟು ಕಾಲೇಜುಗಳಿವೆ, ಅದರಲ್ಲಿ ಅರ್ಧಕ್ಕರ್ಧ ಕಡೆ ಕಲರಿಮೀಟರೂ ಸರಿ ಇಲ್ಲ, ನಾನು ಯಾವ ಧೈರ್ಯದ ಮೇಲೆ ಹಾಕಲಿ" ಅಂದರು. ಅದು ನಿಜವಾದ ಉತ್ತರ. ಒಂದೇ ಸಿಲಬಸ್ ಎಲ್ಲ ಕಾಲೇಜಿಗೂ ಒಗ್ಗಬೇಕಾದರೆ ಅದು ಎಲ್ಲರಿಗಿಂತ ಬಡ ಲ್ಯಾಬಿನ ಅಳತೆಗೇ ಇಳಿಯುತ್ತದೆ. ಒಂದು ವೇಳೆ ಅವರು ಒಪ್ಪಿದ್ದರೂ ಅದು ಬಿಓಎಸ್ಸಿನಿಂದ ನಿಕಾಯಕ್ಕೆ, ಅಂದರೆ ಫ್ಯಾಕಲ್ಟಿ ಸಭೆಗೆ, ಅಲ್ಲಿಂದ ಅಕಾಡೆಮಿಕ್ ಕೌನ್ಸಿಲ್ಲಿಗೆ ಹೋಗಿ ಬರಬೇಕಿತ್ತು.

ಸ್ವಾಯತ್ತ ಕಾಲೇಜು ಅನ್ನುವ ಯೋಚನೆ ಹುಟ್ಟಿದ್ದೇ ಈ ಕಾರಣಕ್ಕೆ. 1964-66ರ ಕೊಠಾರಿ ಆಯೋಗ ಇದನ್ನು ಸೂಚಿಸಿತ್ತು, 1978ರಲ್ಲಿ ತಮಿಳುನಾಡಿನ ಕೆಲವು ಕಾಲೇಜುಗಳಲ್ಲಿ ಮೊದಲು ಜಾರಿಗೆ ಬಂತು. ಪದವಿ ವಿಶ್ವವಿದ್ಯಾಲಯವೇ ಕೊಡುತ್ತದೆ. ಆದರೆ ಸಿಲಬಸ್ ಬರೆಯುವುದು, ಪ್ರಶ್ನೆಪತ್ರಿಕೆ ತೆಗೆಯುವುದು, ಪರೀಕ್ಷೆ ನಡೆಸುವುದು, ಫಲಿತಾಂಶ ಕೊಡುವುದು ಕಾಲೇಜಿನ ಕೆಲಸ. ನಮ್ಮ ಕಾಲೇಜಿಗೆ, ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ಸಂಸ್ಥೆಯಾದ ನ್ಯಾಕ್‌ನಿಂದ ಎ ಗ್ರೇಡ್ ಬಂದ ಮೇಲೆ ಈ ಮಾತು ಎದ್ದಿತು. 2023ರಲ್ಲಿ ಯುಜಿಸಿ ಹೊಸ ನಿಯಮಾವಳಿ ತಂದಿತ್ತು. ಕಾಲೇಜು ಶುರುವಾಗಿ 10 ವರ್ಷ ಆಗಿರಬೇಕು, ನ್ಯಾಕ್‌ನಲ್ಲಿ ಕನಿಷ್ಠ ಎ ಗ್ರೇಡ್ ಇರಬೇಕು, ಅಂದರೆ 4ಕ್ಕೆ 3.01 ಆದರೂ ಬಂದಿರಬೇಕು. ನಾವು ಅಂಚಿನಲ್ಲೇ ದಾಟಿದ್ದೆವು.

ಸ್ಟಾಫ್ ಮೀಟಿಂಗ್ ಬಗ್ಗೆ ಹೇಳಲೇಬೇಕು. ಅರ್ಜಿ ಹಾಕುವ ಮೊದಲು ಪ್ರಿನ್ಸಿಪಾಲರು ಎಲ್ಲರನ್ನೂ ಕೂರಿಸಿದರು. ಮೊದಲ ಪ್ರಶ್ನೆ ಬಂದದ್ದು ಸಂಬಳದ ಬಗ್ಗೆ: ಸ್ವಾಯತ್ತ ಅಂದರೆ ಸರ್ಕಾರ ಅನುದಾನ ನಿಲ್ಲಿಸುತ್ತದೆಯೇ? ಇಲ್ಲ, ಅನುದಾನಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಇಲಾಖೆಯಲ್ಲಿ ವಿಚಾರಿಸಿ ಬಂದಿದ್ದೆ. ಎರಡನೆಯದು ಕೆಲಸದ ಹೊರೆ. ಅದಕ್ಕೆ ನನ್ನ ಬಳಿ ಸಮಾಧಾನದ ಮಾತು ಇರಲಿಲ್ಲ, ಹೊರೆ ಜಾಸ್ತಿ ಆಗಿಯೇ ಆಗುತ್ತದೆ. ಮೂರನೆಯದನ್ನು ಹೇಳಿದ್ದು ಕನ್ನಡ ವಿಭಾಗದ ಹಿರಿಯ ಮೇಡಂ. "ಇವತ್ತು ಯಾರಾದರೂ ಮಾರ್ಕ್ಸ್ ಕೇಳಿದರೆ ಯೂನಿವರ್ಸಿಟಿ ಕಡೆ ಕೈ ತೋರಿಸ್ತೀವಿ. ನಾಳೆ ಯಾರ ಕಡೆ ತೋರಿಸೋದು?" ಸಭೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ನಡೆದ ಎಲ್ಲದರಲ್ಲೂ ಅದೇ ಮುಖ್ಯ ಪ್ರಶ್ನೆಯಾಯಿತು.

ಅರ್ಜಿ ಯುಜಿಸಿ ಪೋರ್ಟಲ್ಲಿನಲ್ಲೇ ಹಾಕಬೇಕು. ಅದು ದೊಡ್ಡ ಕೆಲಸವಲ್ಲ. ನ್ಯಾಕ್‌ಗೆ ತಯಾರಾದ ಕಾಲೇಜಿನಲ್ಲಿ ಮುಕ್ಕಾಲು ಪಾಲು ಕಾಗದ ಆಗಲೇ ಐಕ್ಯೂಎಸಿಯ, ಅಂದರೆ ಕಾಲೇಜಿನೊಳಗಿನ ಗುಣಮಟ್ಟ ಘಟಕದ, ಕಪಾಟಿನಲ್ಲಿರುತ್ತದೆ. ಕಷ್ಟ ಇರುವುದು ವಿಶ್ವವಿದ್ಯಾಲಯದ ಹಂತದಲ್ಲಿ. ಅವರು ಅರ್ಜಿ ಪರಿಶೀಲಿಸಿ, ಕಾರಣ ಸಮೇತ ಶಿಫಾರಸು ಮಾಡಬೇಕು, ಇಲ್ಲವೇ ಬೇಡ ಅನ್ನಬೇಕು. ನಮ್ಮ ವಿಶ್ವವಿದ್ಯಾಲಯದಲ್ಲಿ ಆಗ ಕಾಯಂ ಕುಲಪತಿ ಇರಲಿಲ್ಲ, ಹಂಗಾಮಿ ಕುಲಪತಿ ಇದ್ದರು. ಟಪಾಲು ವಿಭಾಗ, ಅಕಾಡೆಮಿಕ್ ವಿಭಾಗ, ಮತ್ತೆ ಟಪಾಲು ವಿಭಾಗ ಅಂತ ಅಲೆದ ಮೇಲೆ ಒಬ್ಬ ಕೇಸ್ ವರ್ಕರ್ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ನಿಜ ಹೇಳಿದರು. "ಮೇಷ್ಟ್ರೇ, ನಿಮ್ಮ ಫೈಲ್‌ನಲ್ಲಿ ತಪ್ಪೇನಿಲ್ಲ. ಸಾಹೇಬರು ಇನ್‌ಚಾರ್ಜ್ ನೋಡಿ, ಇಂಥದ್ದಕ್ಕೆಲ್ಲ ಸಹಿ ಹಾಕಲ್ಲ. ರೆಗ್ಯುಲರ್ ವಿಸಿ ಬರಲಿ ಅಂತಾರೆ." ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು: "ನಿಮ್ಮಂಥ ಕಾಲೇಜು ಒಂದೊಂದೇ ಹೋದರೆ ನಮ್ಮ ಎಕ್ಸಾಮ್ ಫೀ ಎಲ್ಲಿಂದ ಬರಬೇಕು ಹೇಳಿ?"

ಇದು ಯಾವ ನಿಯಮ ಪುಸ್ತಕದಲ್ಲೂ ಇಲ್ಲದ ಸತ್ಯ. ಕಾಲೇಜುಗಳನ್ನು ಸಂಯೋಜನೆ ಮಾಡಿಕೊಳ್ಳುವ ವಿಶ್ವವಿದ್ಯಾಲಯಕ್ಕೆ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ ಇವೇ ಕೈಗೆ ಸಿಗುವ ದುಡ್ಡು. ಪಿಂಚಣಿ, ಅತಿಥಿ ಉಪನ್ಯಾಸಕರ ಗೌರವಧನ, ಕರೆಂಟ್ ಬಿಲ್ ಎಲ್ಲದಕ್ಕೂ ಆ ದುಡ್ಡಿನ ಮೇಲೆ ಕಣ್ಣು. ವಿದ್ಯಾರ್ಥಿಗಳು ಜಾಸ್ತಿ ಇರುವ ಕಾಲೇಜು ಸ್ವಾಯತ್ತ ಆದರೆ ಆ ಮಟ್ಟಿಗೆ ಆದಾಯ ಕಡಿಮೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕೆ ಫೈಲ್ ಮೇಲೆ ಕೂರುವುದು ಉಪಾಯವಲ್ಲ. ಅದೃಷ್ಟಕ್ಕೆ 2023ರ ನಿಯಮದಲ್ಲಿ ಇದಕ್ಕೊಂದು ದಾರಿ ಇದೆ. ಗಡುವಿನೊಳಗೆ ವಿಶ್ವವಿದ್ಯಾಲಯ ಏನೂ ಹೇಳದಿದ್ದರೆ ಆಕ್ಷೇಪಣೆ ಇಲ್ಲ ಅಂತಲೇ ಲೆಕ್ಕ. ನಮ್ಮದು ಹಾಗೇ ಮುಂದೆ ಹೋಯಿತು. ಯಾರೂ ಹೌದು ಅನ್ನಲಿಲ್ಲ, ಯಾರೂ ಇಲ್ಲ ಅನ್ನಲೂ ಇಲ್ಲ.

ಯುಜಿಸಿ ಪತ್ರ ಬಂತು, 10 ವರ್ಷಕ್ಕೆ. ಅದು ಬಂದ ದಿನ ಸ್ವೀಟ್ ಹಂಚಿದೆವು. ಆದರೆ ಆ ಪತ್ರದ ಮೇಲೆ ವಿಶ್ವವಿದ್ಯಾಲಯ ತನ್ನ ಅಧಿಸೂಚನೆ ಹೊರಡಿಸಬೇಕು, ಅದಿಲ್ಲದೆ ಒಂದು ಹಾಲ್ ಟಿಕೆಟ್ ಕೂಡ ಕೊಡುವಂತಿಲ್ಲ. ಅಷ್ಟರಲ್ಲಿ ಕಾಯಂ ಕುಲಪತಿ ಬಂದಿದ್ದರು, ಅಧಿಸೂಚನೆ ಸಲೀಸಾಗಿ ಬಂತು. 2024-25ರ ಹೊಸ ಬ್ಯಾಚಿನಿಂದ ಸ್ವಾಯತ್ತತೆ ಜಾರಿ.

ಇನ್ನು ಒಳಗಿನ ಕೆಲಸ. ಸ್ವಾಯತ್ತ ಕಾಲೇಜಿನಲ್ಲಿ ನಾಲ್ಕು ಸಭೆಗಳು ಕಡ್ಡಾಯ: ಗವರ್ನಿಂಗ್ ಬಾಡಿ, ಅಕಾಡೆಮಿಕ್ ಕೌನ್ಸಿಲ್, ಪ್ರತಿ ವಿಭಾಗಕ್ಕೊಂದು ಬಿಓಎಸ್, ಹಣಕಾಸು ಸಮಿತಿ. ಗವರ್ನಿಂಗ್ ಬಾಡಿ ವಿಷಯದಲ್ಲೇ ಮೊದಲ ಜಗಳ. ನಮ್ಮ ವಿದ್ಯಾಸಂಸ್ಥೆಗೆ ಮೊದಲಿನಿಂದಲೂ ಒಂದು ಆಡಳಿತ ಮಂಡಳಿ ಇತ್ತು. ಕಾರ್ಯದರ್ಶಿಗಳು "ಅದೇ ಸಾಕಲ್ಲ, ಇನ್ನೊಂದು ಯಾಕೆ?" ಅಂದರು. ಹಾಗಾಗುವುದಿಲ್ಲ. ಯುಜಿಸಿ ಹೇಳುವ ಗವರ್ನಿಂಗ್ ಬಾಡಿಯಲ್ಲಿ ಮ್ಯಾನೇಜ್‌ಮೆಂಟ್ ಕಡೆಯವರು 5 ಜನ ಇರುತ್ತಾರೆ, ಅಧ್ಯಕ್ಷರೂ ಅವರಲ್ಲೇ ಒಬ್ಬರು, ನಿಜ. ಆದರೆ ಇಬ್ಬರು ಅಧ್ಯಾಪಕರು, ಹೊರಗಿನ ಒಬ್ಬ ಶಿಕ್ಷಣ ತಜ್ಞರು ಅಥವಾ ಉದ್ಯಮಿ, ಸರ್ಕಾರದ ಪ್ರತಿನಿಧಿ, ವಿಶ್ವವಿದ್ಯಾಲಯದ ಪ್ರತಿನಿಧಿ, ಇವರೂ ಅದೇ ಮೇಜಿನ ಸುತ್ತ ಕೂರಬೇಕು. ಪ್ರಿನ್ಸಿಪಾಲರು ಸದಸ್ಯ ಕಾರ್ಯದರ್ಶಿ. ಸಂಸ್ಥೆಯ ಜಮೀನು ವ್ಯವಹಾರ ಮಾತಾಡುವ ಮಂಡಳಿಯಲ್ಲಿ ಸರ್ಕಾರದ ಪ್ರತಿನಿಧಿಯನ್ನು ಕೂರಿಸಿಕೊಳ್ಳುತ್ತೀರಾ ಅಂತ ಪ್ರಿನ್ಸಿಪಾಲರು ನಯವಾಗಿ ಕೇಳಿದರು. ಆಗ ಕಾರ್ಯದರ್ಶಿಗಳು ಬೇರೆ ನಡಾವಳಿ ಪುಸ್ತಕ ಮಾಡಿಸಲು ತಕ್ಷಣ ಒಪ್ಪಿದರು. ನಾನು ನೋಡಿದ ಅತ್ಯಂತ ಚೊಕ್ಕ ವಾದ ಅದು.

ಅಕಾಡೆಮಿಕ್ ಕೌನ್ಸಿಲ್ಲಿಗೆ ಪ್ರಿನ್ಸಿಪಾಲರೇ ಅಧ್ಯಕ್ಷರು. ಎಲ್ಲ ವಿಭಾಗದ ಮುಖ್ಯಸ್ಥರು, ಹೊರಗಿನ ತಜ್ಞರು, ವಿಶ್ವವಿದ್ಯಾಲಯ ಕಳಿಸುವ ಮೂವರು ಇರುತ್ತಾರೆ. ಬಿಓಎಸ್ ಇದಕ್ಕಿಂತ ಚಿಕ್ಕದು, ಆದರೆ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯ. ವಿಭಾಗದ ಅಧ್ಯಾಪಕರ ಜೊತೆ ಬೇರೆ ವಿಶ್ವವಿದ್ಯಾಲಯದ ಇಬ್ಬರು ವಿಷಯ ತಜ್ಞರು, ಉದ್ಯಮದ ಕಡೆಯ ಒಬ್ಬರು, ಒಬ್ಬ ಹಳೆ ವಿದ್ಯಾರ್ಥಿ, ಮತ್ತೆ ಕುಲಪತಿ ಆರಿಸುವ ಒಬ್ಬರು. ಕುಲಪತಿಗೆ ಪ್ರಿನ್ಸಿಪಾಲರು 6 ಹೆಸರಿನ ಪಟ್ಟಿ ಕೊಡಬೇಕು, ಅದರಲ್ಲಿ ಅವರು ಒಂದನ್ನು ಗುರುತು ಮಾಡುತ್ತಾರೆ. ಪ್ರತಿ ವಿಭಾಗಕ್ಕೂ 6 ಹೆಸರು ಅಂದರೆ ನಮ್ಮಂಥ ಕಾಲೇಜಿಗೆ ಅದೇ ಒಂದು ದೊಡ್ಡ ತಲೆನೋವು. ಒಪ್ಪಿಗೆ ಪತ್ರ ಬೇಕು, ಬಯೋಡೇಟಾ ಬೇಕು, ಅವರಲ್ಲಿ ಯಾರಾದರೂ ಅಷ್ಟರೊಳಗೆ ನಿವೃತ್ತರಾಗಿರುತ್ತಾರೆ. ಎರಡು ವಿಭಾಗದ ಪಟ್ಟಿ ವಾಪಸ್ ಬಂತು.

ನಮ್ಮ ಮೊದಲ ಬಿಓಎಸ್ ಸಭೆಗೆ ಹಳೆ ವಿದ್ಯಾರ್ಥಿನಿ ಒಬ್ಬಳನ್ನು ಕರೆದಿದ್ದೆವು. ನಮ್ಮಲ್ಲೇ ಬಿಎಸ್ಸಿ ಮಾಡಿ, ಆಮೇಲೆ ಎಂಎಸ್ಸಿ ಮುಗಿಸಿ ಔಷಧ ಕಂಪನಿಯೊಂದರ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿದ್ದಾಳೆ. ಪಾಪ, ಮೊದಲ ಅರ್ಧ ಗಂಟೆ ಮಾತೇ ಆಡಲಿಲ್ಲ, ಎದುರಿಗೆ ಕೂತವರೆಲ್ಲ ಅವಳಿಗೆ ಪಾಠ ಮಾಡಿದವರು. ಪ್ರಾಕ್ಟಿಕಲ್ ಪಟ್ಟಿ ಬಂದಾಗ ಮಾತ್ರ ತಡೆಯಲಾಗಲಿಲ್ಲ. "ಸರ್, ಕೆಲಸಕ್ಕೆ ಸೇರಿದ ಮೊದಲ ದಿನ ನನ್ನನ್ನ ಒಂದು ಮಿಷಿನ್ ಮುಂದೆ ನಿಲ್ಲಿಸಿದರು. ಅದರ ಚಿತ್ರ ಕೂಡ ನಾನು ಪುಸ್ತಕದಲ್ಲಷ್ಟೇ ನೋಡಿದ್ದೆ." ಅವಳು ಹೇಳಿದ್ದು ಎಚ್‌ಪಿಎಲ್‌ಸಿ ಬಗ್ಗೆ. ಮಿಶ್ರಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಅದು. ಬೆಲೆ ಹತ್ತು ಲಕ್ಷ ದಾಟುತ್ತದೆ, ನಮ್ಮ ಕೈಗೆ ಎಟುಕುವುದಲ್ಲ. ಆದರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯುವಿ ಸ್ಪೆಕ್ಟ್ರೋಫೋಟೋಮೀಟರ್ ಎಟುಕುತ್ತದೆ. ಪ್ಯಾರಾಸಿಟಮಾಲ್ ಮಾತ್ರೆಯೊಂದನ್ನು ಪುಡಿ ಮಾಡಿ, ಕರಗಿಸಿ, ಅದರಲ್ಲಿ ಔಷಧ ಎಷ್ಟಿದೆ ಅಂತ ಅಳೆಯುವ ಪ್ರಯೋಗ ಹಾಕೋಣ ಅಂದೆ. ಹೊರಗಿನಿಂದ ಬಂದ ತಜ್ಞರೊಬ್ಬರಿಗೆ ಇಷ್ಟವಾಗಲಿಲ್ಲ. ಸಾಲ್ಟ್ ಅನಾಲಿಸಿಸ್ ತೆಗೆದರೆ ಹುಡುಗರಿಗೆ ಕೈಯಲ್ಲಿ ಕೆಲಸ ಮಾಡುವ ಅಭ್ಯಾಸ ಹೋಗುತ್ತದೆ, ಗುಂಡಿ ಒತ್ತುವವರಾಗುತ್ತಾರೆ ಅನ್ನುವುದು ಅವರ ವಾದ. ಅದರಲ್ಲೂ ಸತ್ಯವಿದೆ. ಕೊನೆಗೆ ಸಾಲ್ಟ್ ಅನಾಲಿಸಿಸ್ ವಾರಗಳನ್ನು ಕಡಿಮೆ ಮಾಡಿ, ಉಪಕರಣದ ಪ್ರಯೋಗಗಳನ್ನು ಸೇರಿಸಿದೆವು.

ಇಲ್ಲೊಂದು ಮಾತು. ಸಿಲಬಸ್ ನಮ್ಮದೇ ಅಂದುಕೊಂಡು ಕೂತಿದ್ದವರಿಗೆ ಅದೇ ಹೊತ್ತಿಗೆ ಸರ್ಕಾರದ ಆದೇಶವೂ ಬಂದಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ಎಲ್ಲರಿಗಿಂತ ಮೊದಲು ಜಾರಿ ಮಾಡಿದ ರಾಜ್ಯ ನಮ್ಮದು. ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿಯ ಮೇಲೆ 2024ರಲ್ಲಿ ಪದವಿ ಮತ್ತೆ 3 ವರ್ಷಕ್ಕೆ ಬಂತು. ಎಷ್ಟು ವಿಷಯ, ಎಷ್ಟು ಭಾಷೆ ಅನ್ನುವ ಚೌಕಟ್ಟು ಮೇಲಿನಿಂದಲೇ ಬಂತು, ಸ್ವಾಯತ್ತ ಕಾಲೇಜಾದರೂ ನಾವು ಅದರೊಳಗೇ ಇರಬೇಕು. ಮನೆಯ ಗೋಡೆ ಎಲ್ಲಿರಬೇಕು ಅಂತ ಅವರು ಹೇಳುತ್ತಾರೆ, ಒಳಗೆ ಮಂಚ ಎಲ್ಲಿ, ಮೇಜು ಎಲ್ಲಿ ಅನ್ನುವುದಷ್ಟೇ ನಮ್ಮದು. ಹಾಗಂತ ಅದು ಕಡಿಮೆಯೇನಲ್ಲ.

ಬಿಓಎಸ್ಸಿನಿಂದ ನಮ್ಮ ಪಟ್ಟಿ ಅಕಾಡೆಮಿಕ್ ಕೌನ್ಸಿಲ್ಲಿಗೆ ಹೋಯಿತು. ನಮ್ಮದೇ ಕಾಲೇಜು, ನಮ್ಮದೇ ಜನ, ಸುಮ್ನೆ ಪಾಸಾಗುತ್ತದೆ ಅಂತ ಎಲ್ಲರ ಲೆಕ್ಕ. ಭೌತಶಾಸ್ತ್ರದ ಮುಖ್ಯಸ್ಥರು ಎದ್ದು ನಿಂತರು. ಒಂದು ಬ್ಯಾಚಿನಲ್ಲಿ ಎಷ್ಟು ಹುಡುಗರು, ಒಂದು ಉಪಕರಣದಲ್ಲಿ ಒಬ್ಬರಿಗೆ ಎಷ್ಟು ನಿಮಿಷ ಬೇಕು, ಮೂರು ಗಂಟೆಯಲ್ಲಿ ಎಷ್ಟು ಜನರಿಗೆ ಸಿಗುತ್ತದೆ ಅಂತ ಬೋರ್ಡ್ ಮೇಲೆ ಲೆಕ್ಕ ಬರೆದರು. ಅರ್ಧದಷ್ಟು ಹುಡುಗರು ದೂರದಿಂದ ನೋಡಿ ರೆಕಾರ್ಡ್ ಬರೆಯುತ್ತಾರೆ, ಅಷ್ಟೇ ಅಂದರು. ಕೌನ್ಸಿಲ್‌ಗೆ ಬಿಓಎಸ್ ಪ್ರಸ್ತಾವವನ್ನು ಮಾರ್ಪಡಿಸುವ, ವಾಪಸ್ ಕಳಿಸುವ, ಬೇಡ ಅನ್ನುವ ಅಧಿಕಾರವಿದೆ. ಆದರೆ ವಾಪಸ್ ಕಳಿಸಿದರೆ ಕಾರಣ ಕೊಡಬೇಕು. ಈ "ಕಾರಣ" ಅನ್ನುವ ಷರತ್ತು ನನಗೆ ಬಹಳ ಹಿಡಿಸಿತು. ಹಿಂದೆ ನನ್ನ ಪತ್ರಕ್ಕೆ ಫೋನಿನಲ್ಲಿ ಉತ್ತರ ಸಿಕ್ಕಿತ್ತು, ಆ ಮಾತು ಯಾವ ಕಾಗದದಲ್ಲೂ ಇಲ್ಲ. ಈಗ ನನ್ನ ಪ್ರಸ್ತಾವ ವಾಪಸ್ ಬಂದದ್ದು ನಡಾವಳಿಯಲ್ಲಿ ಕಾರಣ ಸಮೇತ ಇತ್ತು, ಹಾಗಾಗಿ ಉತ್ತರಿಸಲು ಸಾಧ್ಯವಾಯಿತು. ಚಿಕ್ಕ ಗುಂಪು ಮಾಡಿ, ಸರದಿ ಪ್ರಕಾರ ಒಂದು ಗುಂಪು ಉಪಕರಣದ ಮೇಲೆ, ಉಳಿದವರು ಟೈಟ್ರೇಷನ್ ಅಂತ ವೇಳಾಪಟ್ಟಿ ಬರೆದು ಮತ್ತೆ ಕಳಿಸಿದೆವು. ಒಪ್ಪಿಗೆಯಾಯಿತು.

ದುಡ್ಡಿನ ಪ್ರಶ್ನೆ ಹಣಕಾಸು ಸಮಿತಿಯದು. ಅದರಲ್ಲಿ ಪ್ರಿನ್ಸಿಪಾಲರು ಅಧ್ಯಕ್ಷರು, ಗವರ್ನಿಂಗ್ ಬಾಡಿ ಕಳಿಸಿದ ಒಬ್ಬರು, ಒಬ್ಬ ಹಿರಿಯ ಅಧ್ಯಾಪಕರು, ಮತ್ತೆ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ. ಈ ಕೊನೆಯವರ ಬಗ್ಗೆ ನಮ್ಮ ಮ್ಯಾನೇಜ್‌ಮೆಂಟಿಗೆ ಮೊದಲಿನಿಂದ ಕಿರಿಕಿರಿ, ನಮ್ಮ ಲೆಕ್ಕ ಅವರಿಗ್ಯಾಕೆ ಅಂತ. ಅವರು ಬಂದದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಪರೀಕ್ಷಾ ಶುಲ್ಕದ ದುಡ್ಡಿನಲ್ಲಿ ಉಪಕರಣ ತರೋಣ ಅಂತ ಮಾತು ಬಂದಾಗ ಅವರೇ ತಡೆದರು. ಪರೀಕ್ಷೆಯ ಖಾತೆ ಬೇರೆ ಇಡಿ, ಅದರಿಂದ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಉತ್ತರಪತ್ರಿಕೆ ಖರ್ಚು ಮೊದಲು ನಡೆಯಲಿ, ಇವತ್ತು ಲ್ಯಾಬಿಗೆ ತೆಗೆದರೆ ನಾಳೆ ಬಣ್ಣ ಹೊಡೆಸಲೂ ತೆಗೆಯುತ್ತೀರಿ ಅಂದರು. ಮೊದಲ ಸೆಮಿಸ್ಟರ್ ಮುಗಿದಾಗ ಆ ಮಾತಿನ ಬೆಲೆ ಗೊತ್ತಾಯಿತು, ಪರೀಕ್ಷೆಯ ಖರ್ಚು ನಾವೆಲ್ಲ ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂದಿತ್ತು. ಉಪಕರಣದ ದುಡ್ಡನ್ನು ಕೊನೆಗೆ ಮ್ಯಾನೇಜ್‌ಮೆಂಟ್ ಕೊಟ್ಟಿತು. ಗವರ್ನಿಂಗ್ ಬಾಡಿಯಲ್ಲಿ ಅದಕ್ಕೆ ಒಪ್ಪಿಗೆ ಸಿಗಲು ಐದು ನಿಮಿಷ ಹಿಡಿಯಿತು, ದಾನಿಗಳ ಹೆಸರಿನ ಫಲಕ ಲ್ಯಾಬಿನ ಹೊರಗೋ ಒಳಗೋ ಅನ್ನುವುದಕ್ಕೆ ಅರ್ಧ ಗಂಟೆ.

ಹಾಗಾದರೆ ಒಂದು ಪ್ರಾಕ್ಟಿಕಲ್‌ಗೆ ನಾಲ್ಕು ಸಭೆ, ಒಂದು ಸಲ ವಾಪಸ್. ಇದೇನು ಕಡಿಮೆ ಆಯಿತಾ ಅಂತ ನೀವು ಕೇಳಬಹುದು. ಕಡಿಮೆ ಆಗಲಿಲ್ಲ. ಆದರೆ ನಾಲ್ಕೂ ಸಭೆ ಒಂದೇ ಕಾಂಪೌಂಡಿನಲ್ಲಿ, ಒಂದೇ ವರ್ಷದೊಳಗೆ ನಡೆದವು.

ಕನ್ನಡ ಮೇಡಂ ಎತ್ತಿದ ಪ್ರಶ್ನೆ ನಿಜವಾದದ್ದು ಪರೀಕ್ಷೆಯಲ್ಲಿ. ಪರೀಕ್ಷಾ ನಿಯಂತ್ರಕರು ಅಂತ ಒಬ್ಬರನ್ನು ಮಾಡಿ, ಲೈಬ್ರರಿ ಪಕ್ಕದ ಕೋಣೆಗೆ ಬೀಗ, ಕ್ಯಾಮೆರಾ ಹಾಕಿಸಿದೆವು. ಹಳೆ ಬ್ಯಾಚಿನವರಿಗೆ ವಿಶ್ವವಿದ್ಯಾಲಯದ ಪರೀಕ್ಷೆ, ವಿಶ್ವವಿದ್ಯಾಲಯಗಳಿಗೆ ಸರ್ಕಾರ ಮಾಡಿದ ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ ಅದರ ಕೆಲಸ. ಹೊಸ ಬ್ಯಾಚಿಗೆ ನಮ್ಮ ಪರೀಕ್ಷೆ, ನಮ್ಮ ಸಾಫ್ಟ್‌ವೇರ್. ಒಂದೇ ಕಾರಿಡಾರಿನಲ್ಲಿ ಎರಡು ವ್ಯವಸ್ಥೆ, ಎರಡು ವೇಳಾಪಟ್ಟಿ. ಹುಡುಗರಿಗಿಂತ ಜಾಸ್ತಿ ಗೊಂದಲ ಇನ್ವಿಜಿಲೇಟರುಗಳಿಗೆ. ಮೊದಲ ಫಲಿತಾಂಶದ ಮುಂಚೆ ಊರಿನ ಪ್ರಭಾವಿಯೊಬ್ಬರು ಪ್ರಿನ್ಸಿಪಾಲರಿಗೆ ಫೋನ್ ಮಾಡಿದರು, ಅವರ ಸಂಬಂಧಿಕರ ಹುಡುಗನದು ಒಂದು ಪೇಪರ್ "ನೋಡಿ" ಅಂತ. ಮೊದಲಾಗಿದ್ದರೆ "ಅದು ಯೂನಿವರ್ಸಿಟಿ ಕೈಲಿದೆ ಸಾರ್" ಅಂದರೆ ಮುಗಿಯುತ್ತಿತ್ತು. ಈ ಸಲ ಪ್ರಿನ್ಸಿಪಾಲರು ಅಕಾಡೆಮಿಕ್ ಕೌನ್ಸಿಲ್ ಒಪ್ಪಿದ ಮರುಮೌಲ್ಯಮಾಪನದ ನಿಯಮ ಓದಿ ಹೇಳಿದರು: ಅರ್ಜಿ, ಶುಲ್ಕ, ಬೇರೆ ಕಾಲೇಜಿನ ಮೌಲ್ಯಮಾಪಕರು. ಹುಡುಗ ಅರ್ಜಿ ಹಾಕಿದ. ಎರಡು ಅಂಕ ಕಡಿಮೆಯೇ ಆಯಿತು ಅಂತ ಕೇಳಿದೆ.

ಈ ದಾರಿ ಹಿಡಿಯಲು ಹೊರಟ ಕಾಲೇಜಿನವರಿಗೆ ನಾನು ಫೋನಿನಲ್ಲಿ ಹೇಳುವುದು ಇಷ್ಟು. ಅಧಿಸೂಚನೆ ಬರುವವರೆಗೆ ಕಾಯದೆ ಪ್ರತಿ ವಿಭಾಗದ 6 ಹೆಸರಿನ ಪಟ್ಟಿ ಒಪ್ಪಿಗೆ ಪತ್ರದ ಸಮೇತ ಸಿದ್ಧ ಇಟ್ಟುಕೊಳ್ಳಿ, ನಿವೃತ್ತಿಗೆ ಹತ್ತಿರ ಇರುವವರನ್ನು ಹಾಕಬೇಡಿ. ನಡಾವಳಿ ಬರೆಯಲು ಚೆನ್ನಾಗಿ ಬರೆಯುವವರನ್ನು ಆರಿಸಿ, ಅದನ್ನು ಗುಮಾಸ್ತರ ಮೇಲೆ ಹಾಕಬೇಡಿ. "ಚರ್ಚಿಸಿ ಅನುಮೋದಿಸಲಾಯಿತು" ಅಂತ ಒಂದೇ ಸಾಲು ಬರೆದರೆ ಮುಂದಿನ ವರ್ಷ ಯಾಕೆ ಅನುಮೋದಿಸಿದೆವು ಅಂತ ಯಾರಿಗೂ ನೆನಪಿರುವುದಿಲ್ಲ. ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ ವರ್ಷದ ಕೊನೆಗೆ ಸಿಗುವುದೇ ಇಲ್ಲ. ಮಾರ್ಚ್ ಬಿಟ್ಟು ಬೇರೆ ತಿಂಗಳಲ್ಲಿ ಸಭೆ ಇಡಿ, ದಿನಾಂಕವನ್ನು ಅವರನ್ನೇ ಕೇಳಿ ಗೊತ್ತು ಮಾಡಿ. ಹಳೆ ವಿದ್ಯಾರ್ಥಿ ಅಂತ ಬಿಓಎಸ್ಸಿಗೆ ಕರೆಯುವಾಗ ನಿಮ್ಮದೇ ಕಾಲೇಜಿನಲ್ಲಿ ಪಾಠ ಮಾಡುತ್ತಿರುವವರನ್ನು ಕರೆಯಬೇಡಿ. ಹೊರಗೆ ಕೆಲಸ ಮಾಡುತ್ತಿರುವವರನ್ನು ಕರೆಯಿರಿ, ಬಸ್ ಚಾರ್ಜ್ ಕೊಡಿ, ಪ್ರಾಕ್ಟಿಕಲ್ ಪಟ್ಟಿಯನ್ನು ಅಜೆಂಡಾದಲ್ಲಿ ಮೊದಲಿಗೇ ಇಡಿ.